ಗಾಜಪ್ಪನ ತುಂಬಿದ ಮನೆ

ಒಂದೇ ಒಂದು ಈರುಳ್ಳಿ ಕೊಂಡು ತರುವುದು ಈ ಕಾಲದಲ್ಲಿ ಎಂಥ ಸಾಹಸವೆಂಬುದು ಸಂಸಾರವಂದಿಗರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಅವರು ಟ್ರಾಲಿ ತುಂಬ ಸಾಮಾನು ಹೇರಿಕೊಂಡು, ಹೇರಿದ್ದು ಸಾಲದೆಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಮನೆಗೆ ಹೋಗುವ ಜನ. ಆ ಕಷ್ಟ ತಿಳಿಯಬೇಕಾದರೆ ಗಾಜಪ್ಪನ ಹಾಗೆ ಒಂದು ಕೋಣೆ, ಒಂದು ಒಲೆ, ಒಂದು ತಟ್ಟೆ ಇಟ್ಟುಕೊಂಡು ಬದುಕಬೇಕು.

ಗಾಜಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಕೂತು ಗಾಜು ತೇಯುವುದು ಅವನ ಕೆಲಸ. ಯಜಮಾನರು ಗೋಡೆಯ ಕಿಂಡಿಯಿಂದ ಚೀಟಿ ತೂರಿಸಿ, "ಗಾಜಪ್ಪಾ, ಸಾಯಂಕಾಲಕ್ಕೆ ಬೇಕು" ಎನ್ನುವರು. ಸಾಯಂಕಾಲ ಅದೇ ಕಿಂಡಿಯಿಂದ ಕೈ ಚಾಚಿ ಕನ್ನಡಕ ತೆಗೆದುಕೊಳ್ಳುವರು. ಊರಿನ ಅರ್ಧ ಜನ ಅವನು ತೇಯ್ದ ಗಾಜಿನಲ್ಲೇ ಲೋಕ ನೋಡುತ್ತಿದ್ದರು, ಆದರೆ ಅವನನ್ನು ನೋಡಿದವರು ಯಾರೂ ಇರಲಿಲ್ಲ. ಮದುವೆಯ ವಯಸ್ಸಿನಲ್ಲಿ ಒಂದೆರಡು ಮಾತುಕತೆ ನಡೆದು ಮುರಿದುಬಿದ್ದವು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಹಾಗೇ ಐವತ್ತು ದಾಟಿತು.

ಮೊದಲು ಬೀದಿಯ ಮೂಲೆಯಲ್ಲಿ ಒಬ್ಬ ಮುದುಕರ ದಿನಸಿ ಅಂಗಡಿಯಿತ್ತು. ಅಲ್ಲಿ ಒಂದು ಈರುಳ್ಳಿ ಕೇಳಿದರೆ ಒಂದು ಈರುಳ್ಳಿ ಸಿಗುತ್ತಿತ್ತು. "ಒಂದು ಈರುಳ್ಳೀಲಿ ಏನಯ್ಯಾ ಮಾಡ್ತೀಯ, ಎದುರಿಗಿಟ್ಕೊಂಡು ಅಳ್ತೀಯಾ?" ಎಂಬ ಬೈಗುಳವೂ ಪುಕ್ಕಟೆಯಾಗಿ ಸಿಗುತ್ತಿತ್ತು. ಮುದುಕರು ತೀರಿಕೊಂಡ ಮೇಲೆ ಆ ಜಾಗದಲ್ಲಿ ಸೂಪರ್ ಮಾರ್ಕೆಟ್ ಎದ್ದಿತು. ಅಲ್ಲಿ ಬೈಯುವವರಿಲ್ಲ. ಬಾಗಿಲು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಈರುಳ್ಳಿ ಬಲೆಚೀಲದಲ್ಲಿ, ಐದು ಕಿಲೋ. ಬ್ರೆಡ್ಡಿನ ಮೇಲೆ "ಕುಟುಂಬದ ಗಾತ್ರ" ಎಂದು ಅಚ್ಚು. ಸೋಪುಗಳು ನಾಲ್ಕು ನಾಲ್ಕಾಗಿ ಪ್ಲಾಸ್ಟಿಕ್ ಹೊದ್ದು ಒಟ್ಟಿಗೆ ಮಲಗಿರುತ್ತವೆ, ಒಂದನ್ನು ಎಬ್ಬಿಸುವ ಹಾಗಿಲ್ಲ. ಹೋದ ವಾರ ಉಪ್ಪಿದ್ದ ಕಡೆ ಈ ವಾರ ನಾಯಿಯ ಆಹಾರ. ಬಿಸ್ಕತ್ತಿನ ಪೊಟ್ಟಣವೊಂದೇ ಒಂಟಿ ಮನುಷ್ಯನ ಮೇಲೆ ಕರುಣೆ ತೋರಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿತ್ತು. ಬೆಲೆಗೆ ಮಾತ್ರ ಆ ಕರುಣೆ ಇರಲಿಲ್ಲ.

ಒಂದು ಶನಿವಾರ ಸಂಜೆ ಬಲೆಚೀಲವೊಂದು ಹರಿದು ಒಂದು ಈರುಳ್ಳಿ ನೆಲಕ್ಕೆ ಉರುಳಿತ್ತು. ಗಾಜಪ್ಪನ ಕಣ್ಣು ಅದರ ಮೇಲೆ ಬಿತ್ತು. ನಿಧಿ ಸಿಕ್ಕವನ ಹಾಗೆ ಅದನ್ನೆತ್ತಿಕೊಂಡು, ಬಾಗಿಲ ಪಕ್ಕದ, ಗಿರಾಕಿಗಳು ತಾವೇ ಲೆಕ್ಕ ಹಾಕಿಕೊಳ್ಳುವ ಮೆಷೀನಿನ ಮೇಲಿಟ್ಟ.

"ಗೊತ್ತಿಲ್ಲದ ವಸ್ತು ಇದೆ," ಎಂದಿತು ಮೆಷೀನು. "ದಯವಿಟ್ಟು ತೆಗೆಯಿರಿ."

ಗಾಜಪ್ಪ ತೆಗೆದ.

"ವಸ್ತು ಕಾಣೆಯಾಗಿದೆ. ದಯವಿಟ್ಟು ವಾಪಸ್ ಇಡಿ."

ಇಟ್ಟ. ಮೆಷೀನಿನ ತಲೆಯ ಮೇಲೆ ಕೆಂಪು ದೀಪ ಹತ್ತಿ ಗಿರಗಿರನೆ ತಿರುಗಿತು. ಬಾಗಿಲ ಕಾವಲುಗಾರ ಓಡಿಬಂದು, ಬಾಂಬು ನೋಡುವವನ ಹಾಗೆ ಈರುಳ್ಳಿಯನ್ನು ನಾಲ್ಕೂ ಕಡೆಯಿಂದ ನೋಡಿದ. ಗಾಜಪ್ಪನನ್ನೂ ನೋಡಿದ. ಕೊನೆಗೆ ಇಬ್ಬರನ್ನೂ ಮೂರನೇ ಕೌಂಟರಿಗೆ ಒಪ್ಪಿಸಿ ಕೈತೊಳೆದುಕೊಂಡ.

ಮೂರನೇ ಕೌಂಟರಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸು ನಿಂತಿದ್ದಳು. ಅಲ್ಲಿ ಬಿಲ್ಲು ಹಾಕುವವರಿಗೆ ಕುರ್ಚಿ ಕೊಡುವ ಪದ್ಧತಿಯಿಲ್ಲ.

"ಒಂದಕ್ಕೆ ಕೋಡ್ ಇಲ್ಲ ಸರ್," ಎಂದಳು. "ಕುಟುಂಬದ ಕಾರ್ಡ್ ಮಾಡಿಸ್ಕೊಂಡ್ರೆ ಪೂರ್ತಿ ಚೀಲಾನೇ ಅರ್ಧ ಬೆಲೆಗೆ ಬರುತ್ತೆ. ಮಾಡ್ಲಾ? ಮನೇಲಿ ಎಷ್ಟು ಜನ?"

ಪ್ರಶ್ನೆ ಚಿಕ್ಕದು. ಆದರೆ ಗಾಜಪ್ಪನ ಹಿಂದೆ ಸಾಲು ಬೆಳೆದಿತ್ತು. ಅಲ್ಲಿ ಗಂಡಂದಿರಿದ್ದರು, ಹೆಂಡಂದಿರಿದ್ದರು, ಟ್ರಾಲಿಯೊಳಗೆ ಕೂತ ಮಕ್ಕಳಿದ್ದರು, ಎಲ್ಲರೂ ಮೈಯೆಲ್ಲ ಕಿವಿಯಾಗಿದ್ದರು. ಅಷ್ಟು ಜನರೆದುರು "ಒಬ್ಬ" ಎನ್ನಲು ಅವನ ನಾಲಿಗೆ ಏಳಲಿಲ್ಲ. "ಇಬ್ಬರು" ಎಂದಿದ್ದರೂ ಸಾಕಿತ್ತು, ಆದರೆ ಮೊದಲ ಸಲ ಸುಳ್ಳು ಹೇಳುವವನಿಗೆ ಅಳತೆ ಗೊತ್ತಿರುವುದಿಲ್ಲ.

"ಏಳು," ಎಂದುಬಿಟ್ಟ.

"ಅಬ್ಬಾ! ತುಂಬಿದ ಮನೆ!" ಎಂದು ಅವಳು ಮುಖವರಳಿಸಿ ನಕ್ಕಳು. "ಯಾರ್ಯಾರು ಸರ್?"

ಗಾಜಪ್ಪ ಪೇಚಿಗೆ ಸಿಕ್ಕಿಬಿದ್ದ. ಆದರೆ ತಮಾಷೆಯೆಂದರೆ, ಬಾಯಿ ತೆರೆದದ್ದೇ ತಡ, ಜನ ತಾವಾಗಿಯೇ ಬಂದರು. ಹೆಂಡತಿ. ಹೆಂಡತಿಯ ಅಣ್ಣ. ಮಗ, ಸೊಸೆ, ಒಂದು ಮೊಮ್ಮಗು. ತನ್ನನ್ನೂ ಸೇರಿಸಿಕೊಂಡು ಬೆರಳು ಮಡಚಿದರೆ ಒಬ್ಬರು ಕಡಿಮೆ ಬಿದ್ದರು.

"ಅತ್ತೆ," ಎಂದ ಅವಸರದಲ್ಲಿ. "ಹೆಂಡತಿ ತಾಯಿ. ಮಂಡಿ ನೋವು ಅವರಿಗೆ. ಹೊರಗೆ ಬರಲ್ಲ."

"ಅಯ್ಯೋ ಪಾಪ," ಎಂದಳು ಮೂರನೇ ಕೌಂಟರಿನವಳು, ನಿಜವಾಗಿಯೂ ನೊಂದುಕೊಂಡು.

ಐದು ಕಿಲೋ ಈರುಳ್ಳಿ ಹೊತ್ತು ಗಾಜಪ್ಪ ಮನೆಗೆ ಬಂದ. ಅಡುಗೆ ಮಾಡಿದ, ಉಂಡ, ತಟ್ಟೆ ತೊಳೆದ. ಒಬ್ಬರು ಅವನ ಮನೆಯವರ ಬಗ್ಗೆ ಕೇಳಿದ್ದರು. ಎಷ್ಟು ಯೋಚಿಸಿದರೂ ಅದಕ್ಕೆ ಮೊದಲು ಹಾಗೆ ಯಾರು ಕೇಳಿದ್ದರೆಂದು ಅವನಿಗೆ ನೆನಪಾಗಲಿಲ್ಲ.

ಮುಂದಿನ ಶನಿವಾರ ಅವಳು ಮೊದಲು ಕೇಳಿದ್ದೇ, "ಅತ್ತೆಯವರ ಮಂಡಿ ಹೇಗಿದೆ ಸರ್?"

ಅಲ್ಲಿಗೆ ಗಾಜಪ್ಪ ಕೆಟ್ಟ. ಶನಿವಾರದ ಆ ಎರಡು ಮಾತಿಗಾಗಿ ಉಳಿದ ದಿನಗಳನ್ನು ಹೇಗೋ ನೂಕತೊಡಗಿದ. ಗಾಜು ತೇಯುವಾಗ ಮೆಷೀನಿನ ಸದ್ದಿನಲ್ಲಿ ಅತ್ತೆಯ ಸಮಾಚಾರ ತಯಾರಾಗುತ್ತಿತ್ತು. ಅತ್ತೆಗೆ ಬಾಯಿ ಜೋರು. ಅತ್ತೆಗೆ ಚಳಿ ತಡೆಯುವುದಿಲ್ಲ. ಅತ್ತೆ ಮೊನ್ನೆ ಯಾರಿಗೂ ಹೇಳದೆ ಎದ್ದು ನಾಲ್ಕು ಹೆಜ್ಜೆ ನಡೆದುಬಿಟ್ಟರು. ಆ ಸುದ್ದಿ ಕೇಳಿದ ದಿನ ಮೂರನೇ ಕೌಂಟರಿನವಳು ಬಿಲ್ಲು ಹಾಕುವುದನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದಳು.

ಮಾತೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಮಾತಿಗೆ ತಕ್ಕ ಸಾಮಾನನ್ನೂ ಕೊಳ್ಳಬೇಕಿತ್ತು. "ಮಗೂಗೆ ಡೈಪರ್ ಈ ವಾರ ಎರಡಕ್ಕೊಂದು ಫ್ರೀ ಸರ್" ಎಂದು ಅವಳು ಅಕ್ಕರೆಯಿಂದ ಹೇಳಿದರೆ, ಮಗು ಇಲ್ಲ ಎಂದು ಹೇಗೆ ಹೇಳುವುದು? ಮೂರು ಕಟ್ಟು ಡೈಪರ್ ಬಂತು. ಅತ್ತೆಗೆ ನೋವಿನ ಮುಲಾಮು ಬಂತು. ಸೊಸೆಗೆ ಶಾಂಪೂ, ಭಾವನಿಗೆ ದಾಡಿಯ ಬ್ಲೇಡು, ಎಲ್ಲರಿಗೂ ಸೇರಿ ಏಳು ಹಲ್ಲುಜ್ಜುವ ಬ್ರಷ್ಷು. ಕೋಣೆಯಲ್ಲಿ ಗಾಜಪ್ಪ ತಿರುಗಾಡುವ ಜಾಗ ಮಂಚದಿಂದ ಒಲೆಯವರೆಗಿನ ಒಂದು ಕಾಲುದಾರಿಯಷ್ಟಾಯಿತು. ಈರುಳ್ಳಿ ಕಿಟಕಿಯ ಕೆಳಗೆ ಮೊಳಕೆಯೊಡೆಯಿತು.

ಕಟ್ಟಡದ ಸಂಘಕ್ಕೆ ಒಬ್ಬರು ಕಾರ್ಯದರ್ಶಿಗಳಿದ್ದರು. ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಅಧಿಕಾರ ಅದೊಂದೇ, ಆದ್ದರಿಂದ ಅದನ್ನು ಇಪ್ಪತ್ತನಾಲ್ಕು ಗಂಟೆಯೂ ಚಲಾಯಿಸುತ್ತಿದ್ದರು. ಒಂಟಿ ಗಂಡಸೊಬ್ಬ ಡೈಪರಿನ ಕಟ್ಟು ಹೊತ್ತು ಮೆಟ್ಟಿಲೇರುವುದನ್ನು ಅವರು ಮೊದಲ ವಾರ ಕಂಡರು, ಎರಡನೇ ವಾರ ಕಂಡರು, ಮೂರನೇ ವಾರ ಬಂದು ಬಾಗಿಲು ಬಡಿದರು.

"ನೀರು ತಲೆ ಲೆಕ್ಕದಲ್ಲಿ ಬಿಡೋದು ಕಣ್ರೀ. ಒಳಗೆ ಎಷ್ಟು ತಲೆ ಇದೆ?"

"ಒಂದೇ ಸ್ವಾಮಿ."

"ಒಂದೇನಾ?" ಕಾರ್ಯದರ್ಶಿಗಳು ಕಾಲುದಾರಿ ಹಿಡಿದು ಒಳನುಗ್ಗಿದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಬೀರುವಿನ ಬಾಗಿಲು ತೆಗೆದು, ಒಳಗಿದ್ದ ಶಾಂಪೂ ಬಾಟಲಿಗಳನ್ನು ಅನುಮಾನದಿಂದ ನೋಡಿ ಮುಚ್ಚಿದರು. ಬಚ್ಚಲಿಗೆ ಹೋದವರು ಅಲ್ಲಿಂದಲೇ ಕೂಗಿದರು, "ಏಳು ಬ್ರಷ್! ಏಳು ಬ್ರಷ್ ಇದೆ ಕಣ್ರೀ ಇಲ್ಲಿ! ಇವುಗಳ ವಾರಸುದಾರರೆಲ್ಲಿ?"

"ಎಲ್ಲಾ ನಂದೇ. ದಿನಕ್ಕೊಂದು," ಎಂದ ಗಾಜಪ್ಪ.

"ಡೈಪರ್?"

ಅದೂ ತನಗೇ ಎಂದು ಹೇಳುವಷ್ಟು ಅವನು ಕೆಟ್ಟಿರಲಿಲ್ಲ. ತಲೆ ತಗ್ಗಿಸಿ ನಿಂತ. ಕಾರ್ಯದರ್ಶಿಗಳು ಆ ಮೌನಕ್ಕೆ ತಮಗೆ ಬೇಕಾದ ಅರ್ಥ ಕಟ್ಟಿಕೊಂಡು, ಕೆಳಗಿಳಿದವರೇ ಸಂಘದ ಪುಸ್ತಕದಲ್ಲಿ ನಂಬರು ಹುಡುಕಿ ಗಾಜಪ್ಪನ ಅಕ್ಕನಿಗೆ ಫೋನ್ ಮಾಡಿದರು. "ನಿಮ್ಮ ತಮ್ಮ ಗುಟ್ಟಾಗಿ ಸಂಸಾರ ಇಟ್ಕೊಂಡಿದಾನಮ್ಮ. ಮಗೂನೂ ಆಗಿದೆ."

ಅಕ್ಕ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ತಮ್ಮನ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು. ಆ ದಿನ ಎರಡು ಬಸ್ಸು ಬದಲಾಯಿಸಿ, ಮಧ್ಯಾಹ್ನದೊಳಗೆ ಬಂದಿಳಿದಳು.

"ಎಲ್ಲೋ ಅವಳು?"

"ಯಾರಕ್ಕಾ?"

"ನನ್ನ ಹತ್ರಾನೂ ಮುಚ್ಚಿಡ್ತೀಯಾ? ನಾನೇನು ಬೇರೆಯವಳಾ? ಯಾರಾದ್ರೂ ಆಗ್ಲಿ, ಎಂಥವಳಾದ್ರೂ ಆಗ್ಲಿ, ಕರಿಯೋ ಮೊದ್ಲು!" ಅವಳ ಬಾಯಿ ಬೈಯುತ್ತಿತ್ತು, ಕೈ ಮಾತ್ರ ಚೀಲದಿಂದ ಒಂದು ಪುಟ್ಟ ಉಣ್ಣೆಯ ಟೋಪಿ ತೆಗೆಯುತ್ತಿತ್ತು.

ಗಾಜಪ್ಪ ಎಲ್ಲವನ್ನೂ ಹೇಳಿದ. ಒಂದು ಈರುಳ್ಳಿಯಿಂದ ಹಿಡಿದು ಅತ್ತೆ ನಡೆದ ನಾಲ್ಕು ಹೆಜ್ಜೆಯವರೆಗೆ. ನಗುತ್ತಾಳೆ ಎಂದುಕೊಂಡಿದ್ದ. ಅಕ್ಕ ನಗಲಿಲ್ಲ. ಡೈಪರಿನ ಕಟ್ಟಿನ ಮೇಲೆ ಕುಸಿದು ಕೂತು ಅತ್ತಳು.

"ಬಸ್ಸಲ್ಲಿ ಬರೋವಾಗ ಅವಳನ್ನ ಏನಂತ ಕರೀಲಿ ಅಂತ ಯೋಚಿಸ್ತಾ ಬಂದೆ ಕಣೋ," ಎಂದಳು. "ನಿನಗೂ ಒಬ್ರು ಇದಾರೆ ಅಂದ್ಕೊಂಡೆ."

ಗಾಜಪ್ಪ ಅಕ್ಕನಿಗೆ ಕೊಡಲು ಲೋಟ ಹುಡುಕಿ, ತನ್ನದೇ ಲೋಟ ತೊಳೆದು ನೀರು ಕೊಟ್ಟ. ಅವಳು ಇನ್ನೂ ಕುಡಿದು ಮುಗಿಸಿರಲಿಲ್ಲ, ಫೋನು ಬಡಿದುಕೊಂಡಿತು. ಸೂಪರ್ ಮಾರ್ಕೆಟ್ಟಿನ ಮ್ಯಾನೇಜರು.

"ಅಭಿನಂದನೆಗಳು ಸರ್! ನಮ್ಮ ಗಿರಾಕಿಗಳಲ್ಲಿ ಈ ವರ್ಷದ ತುಂಬು ಕುಟುಂಬ ನಿಮ್ಮದೇ! ಬಹುಮಾನ ಊಟದ ಮೇಜು, ಎಂಟು ಕುರ್ಚಿ. ಭಾನುವಾರ ಮನೆಯವರನ್ನೆಲ್ಲಾ ಕರ್ಕೊಂಡು ಬನ್ನಿ, ಫೋಟೊ ತೆಗೆದು ಅಂಗಡಿ ಗೋಡೆಗೆ ದೊಡ್ಡದಾಗಿ ಹಾಕ್ತೀವಿ."

"ಬೇಡ ಸ್ವಾಮಿ," ಎಂದ ಗಾಜಪ್ಪ. "ಬೇರೆಯವರಿಗೆ ಕೊಡಿ."

"ಹಾಗಂದ್ರೆ ಹೇಗೆ ಸರ್? ನಿಮ್ಮ ಹೆಸರು ಬರೆದು ಕೊಟ್ಟಿದ್ದೇ ನಮ್ಮ ಮೂರನೇ ಕೌಂಟರಿನವರು. ನಿಮ್ಮ ಅತ್ತೆಯವರನ್ನ ನೋಡ್ಬೇಕಂತೆ, ತುದಿಗಾಲಲ್ಲಿ ನಿಂತಿದಾರೆ. ಹೊರಗೆ ಬರೋಕೆ ಕಷ್ಟ ಆದ್ರೆ ಪರವಾಗಿಲ್ಲ, ನಾವೇ ನಿಮ್ಮ ಮನೆಗೆ ಬರ್ತೀವಿ."

ಗಾಜಪ್ಪ ಕೋಣೆಯನ್ನು ಒಮ್ಮೆ ನೋಡಿದ. "ಬೇಡ, ನಾವೇ ಬರ್ತೀವಿ," ಎಂದ.

ಹೋಗಿ ನಿಜ ಹೇಳಿದರೆ ಮುಗಿಯುತ್ತಿತ್ತು. ಅಕ್ಕನೂ ಅದನ್ನೇ ಹೇಳಿದಳು. ಆದರೆ ನಿಜ ಹೇಳಿದ ಮೇಲೆ ಶನಿವಾರ ಏನಿರುತ್ತದೆ? ಮೂರನೇ ಕೌಂಟರಿನವಳು ಮಾತಾಡಿಸುವುದನ್ನು ಬಿಡುತ್ತಾಳೆ. ಕಿಂಡಿಯಿಂದ ಬರುವ ಚೀಟಿಯೊಂದೇ ಅವನ ಪಾಲಿಗೆ ಉಳಿಯುತ್ತದೆ. "ಒಂದು ದಿನ ಅಕ್ಕಾ. ಒಂದೇ ಒಂದು ಫೋಟೊ," ಎಂದು ಅವನು ಅಂಗಲಾಚಿದ. ಅಳು ಇನ್ನೂ ಆರದ ಅಕ್ಕ ಮೂಗೊರೆಸಿಕೊಂಡು ಒಪ್ಪಿದಳು. ಅವಳ ಪಾಲಿಗೆ ಬಂದದ್ದು ಅತ್ತೆಯ ಪಾತ್ರ ಎಂದು ತಿಳಿದಾಗ ಮಾತ್ರ, "ನಾನು ನಿನಗಿಂತ ಬರೀ ಆರು ವರ್ಷ ದೊಡ್ಡವಳು ಕಣೋ, ಮುಖ ನೋಡಿ ಮಾತಾಡು!" ಎಂದು ಹರಿಹಾಯ್ದಳು.

ಕಾರ್ಯದರ್ಶಿಗಳನ್ನು ಒಪ್ಪಿಸುವುದು ಸುಲಭವಾಯಿತು. ಫೋಟೊ ಎಂದರೆ ಅವರಿಗೆ ಪ್ರಾಣ. ಸಂಘದ ಫಲಕದ ಮೇಲೆ ಅಂಟಿಸಿದ್ದ ಅಂಚೆಚೀಟಿಯ ಗಾತ್ರದ ಚಿತ್ರವೊಂದನ್ನು ಬಿಟ್ಟರೆ ಅವರ ಮುಖವನ್ನು ಲೋಕ ಗೋಡೆಯ ಮೇಲೆ ಕಂಡಿರಲಿಲ್ಲ. "ಇದು ವಂಚನೆ," ಎಂದರು ಮೊದಲು. "ಎಷ್ಟು ದೊಡ್ಡ ಫೋಟೊ?" ಎಂದರು ಆಮೇಲೆ. ಬಾಗಿಲಿನಷ್ಟು ದೊಡ್ಡದು ಎಂದು ತಿಳಿದಾಗ ಭಾವನ ಪಾತ್ರ ವಹಿಸಿಕೊಂಡರು. ಹೆಂಡತಿಯ ಪಾತ್ರಕ್ಕೆ ಬೇರೆ ಯಾರೂ ಸಿಗದೆ ಕಾರ್ಯದರ್ಶಿಗಳ ಹೆಂಡತಿಯನ್ನೇ ಕೇಳಬೇಕಾಯಿತು. ಆ ತಾಯಿ, "ಎರಡು ಗಂಟೆ ಹೊತ್ತಾದ್ರೂ ಇವರ ಹೆಂಡತಿ ಆಗಿರೋದು ತಪ್ಪುತ್ತಲ್ಲ" ಎಂದು ಸಂತೋಷದಿಂದ ಸೀರೆ ಬದಲಾಯಿಸಲು ಹೋದರು. ಮಗ, ಸೊಸೆ, ಮೊಮ್ಮಗು ಊರಿನಲ್ಲಿಲ್ಲ ಎಂದು ತೀರ್ಮಾನವಾಯಿತು.

ಭಾನುವಾರ ಅಂಗಡಿಯ ನಡುವೆ ಒಂದು ವೇದಿಕೆ. ಅದರ ಮೇಲೆ ಮೇಜು, ಮೇಜಿನ ಸುತ್ತ ಕುರ್ಚಿ. ಮೂರನೇ ಕೌಂಟರಿನವಳು ವೇದಿಕೆಯ ಕೆಳಗೆ ಒಂದು ಚಿಕ್ಕ ಸ್ಟೂಲು ಹಿಡಿದು ನಿಂತಿದ್ದಳು. ಅತ್ತೆಯವರು ಕಾಲಿಟ್ಟು ಹತ್ತಲಿ ಎಂದು ತಾನೇ ತಂದದ್ದು. ಅತ್ತೆಯವರು ಬಂದರು. ಸ್ಟೂಲಿನ ಕಡೆ ನೋಡದೆ ಸೆರಗು ಸಿಕ್ಕಿಸಿ, ಒಂದೇ ನೆಗೆತಕ್ಕೆ ವೇದಿಕೆ ಹತ್ತಿದರು.

"ಮಂಡಿ!" ಎಂದು ಗಾಜಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಯಾರ ಮಂಡಿ?" ಎಂದಳು ಅಕ್ಕ ಗಟ್ಟಿಯಾಗಿ.

ಮೂರನೇ ಕೌಂಟರಿನವಳು ಸ್ಟೂಲನ್ನು ಎದೆಗವಚಿಕೊಂಡು, "ಪೂರ್ತಿ ವಾಸಿ ಆಗ್ಬಿಡ್ತಾ ಅಮ್ಮಾ! ಆ ಮುಲಾಮು ನಾನೇ ಹೇಳಿದ್ದು!" ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಗಾಜಪ್ಪನಿಗೆ ಆ ಕ್ಷಣ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅದು ಬಿಡಲಿಲ್ಲ.

ಫೋಟೊದವನು ಎಲ್ಲರನ್ನೂ ಜೋಡಿಸಿದ. ಕಾರ್ಯದರ್ಶಿಗಳು ನಡುವೆ ನಿಲ್ಲುತ್ತೇನೆಂದು ಹಟ ಹಿಡಿದರು. "ಭಾವನವರು ಒಂದ್ ಪಕ್ಕಕ್ಕೆ ಬನ್ನಿ ಸರ್, ಮನೆ ಯಜಮಾನರು ನಡುವೆ ಇರ್ಲಿ" ಎಂದು ಅವರನ್ನು ಅಂಚಿಗೆ ಸರಿಸಿದ. ಅವರ ಮುಖ ಕೆಂಪಗಾಯಿತು.

"ಯಜಮಾನ್ರು, ಯಜಮಾನ್ತಿ ಸ್ವಲ್ಪ ಹತ್ತಿರ ನಿಲ್ಲಿ."

ಗಾಜಪ್ಪ ಒಂದು ಕೂದಲೆಳೆಯಷ್ಟು ಸರಿದ.

"ಇನ್ನೂ ಹತ್ತಿರ ಸರ್. ಕೋಪ ಇದ್ರೆ ಮನೇಲಿಟ್ಕೊಳ್ಳಿ. ಹೆಗಲ ಮೇಲೆ ಕೈ ಹಾಕಿ, ನಿಮ್ಮ ಹೆಂಡ್ತೀನೇ ಅಲ್ವಾ?"

ಸೇರಿದ ಜನ ನಕ್ಕರು. ಕಾರ್ಯದರ್ಶಿಗಳ ಹೆಂಡತಿಯೂ ನಾಚಿಕೊಂಡು ನಕ್ಕರು. ತಮ್ಮ ಪಕ್ಕದಲ್ಲಿ ಅವರು ಹಾಗೆ ನಕ್ಕದ್ದನ್ನು ಕಾರ್ಯದರ್ಶಿಗಳು ಕಂಡು ಎಷ್ಟು ವರ್ಷವಾಗಿತ್ತೋ. ಗಾಜಪ್ಪನ ಕೈ ಗಾಳಿಯಲ್ಲಿ ಅರ್ಧ ಏಳುವಷ್ಟರಲ್ಲಿ ಅಂಚಿನಿಂದ ಗುಡುಗು ಕೇಳಿಸಿತು.

"ಕೈ ತೆಗೀರಿ! ಅವಳು ನನ್ನ ಹೆಂಡತಿ ಕಣ್ರೀ! ಮೂವತ್ತು ವರ್ಷದಿಂದ ನನ್ನ ಹೆಂಡತಿ!"

ಫೋಟೊದವನು ಆ ಹೊತ್ತಿಗೇ ಗುಂಡಿ ಒತ್ತಿದ.

ಆಮೇಲೆ ನಡೆದದ್ದನ್ನು ವಿವರವಾಗಿ ಹೇಳಿ ಯಾರಿಗೂ ಪ್ರಯೋಜನವಿಲ್ಲ. ಮ್ಯಾನೇಜರು ಕಾರ್ಡನ್ನು ಎಲ್ಲರೆದುರು ಕತ್ತರಿಸಿದರು. ಕಾರ್ಯದರ್ಶಿಗಳು ನೀರಿನ ಕಾನೂನನ್ನು ಉದಾಹರಿಸುತ್ತ ಹೆಂಡತಿಯ ಕೈಹಿಡಿದು ಹೊರನಡೆದರು. ಕೈಹಿಡಿದದ್ದು ಎಲ್ಲರಿಗೂ ಕಾಣಿಸಿತು. ಅಕ್ಕ ಬಸ್ಸು ತಪ್ಪುತ್ತದೆಂದು ಹೊರಟವಳು, ತಮ್ಮನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ, "ಬರ್ತಾ ಇರ್ತೀನಿ ಕಣೋ" ಎಂದಳು. ಎರಡು ಬಸ್ಸಿನ ದಾರಿ ಎಂದು ಇಬ್ಬರಿಗೂ ಗೊತ್ತಿತ್ತು.

ಗಾಜಪ್ಪ ಇಂಗು ತಿಂದ ಮಂಗನ ಹಾಗೆ ಮೂರನೇ ಕೌಂಟರಿನ ಮುಂದೆ ಹೋಗಿ ನಿಂತ. ಅವಳು ಸ್ಟೂಲನ್ನು ಕಾಲ ಬಳಿ ಇಟ್ಟುಕೊಂಡು ತನ್ನ ಜಾಗದಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

"ಹೆಂಡತಿ ಇಲ್ವಾ ಸರ್?" ಎಂದಳು ಮೆಲ್ಲಗೆ.

"ಇಲ್ಲಮ್ಮಾ."

"ಮೊಮ್ಮಗು?"

"ಇಲ್ಲ."

ಮುಂದಿನದನ್ನು ಕೇಳಲು ಧೈರ್ಯ ಸಾಲದವಳ ಹಾಗೆ ಮೆಷೀನಿನ ಗಾಜನ್ನು ಬಟ್ಟೆಯಿಂದ ಒರೆಸಿದಳು.

"ಅತ್ತೆ?"

ಗಾಜಪ್ಪ ಇಲ್ಲವೆಂದು ತಲೆಯಾಡಿಸಿದ.

ಅವಳ ಬಟ್ಟೆ ಹಿಡಿದ ಕೈ ನಿಂತಿತು. "ನಾನು ಹಿಂದಿನ ಮೆಟ್ಟಿಲ ಮೇಲೆ ಕೂತು ಊಟ ಮಾಡೋವಾಗ ದಿನಾ ಅವರನ್ನ ನೆನೆಸ್ಕೋತಿದ್ದೆ ಸರ್," ಎಂದಳು. "ಇವತ್ತು ಅತ್ತೆ ಯಾರನ್ನ ಬೈದಿರ್ತಾರೆ, ಮಗು ಏನು ಮಾಡ್ತಿರುತ್ತೆ ಅಂತ. ರೂಮಿಗೆ ಹೋದ್ರೆ ನನಗೆ ನೆನೆಸ್ಕೊಳ್ಳೋಕೆ ಯಾರಿದಾರೆ?"

ತಾನು ಸುಳ್ಳು ಹೇಳಿ ಕಟ್ಟಿದ ಮನೆಯಲ್ಲಿ ಇನ್ನೊಬ್ಬರೂ ವಾಸವಾಗಿದ್ದರೆಂಬುದು ಗಾಜಪ್ಪನಿಗೆ ಆಗ ತಿಳಿಯಿತು. ಕ್ಷಮಿಸಿ ಎಂದ. ಅವಳು ಪರವಾಗಿಲ್ಲ ಎಂದಳು. ಹಿಂದೆ ಯಾರೋ ಟ್ರಾಲಿ ತಂದು ನಿಲ್ಲಿಸಿದರು, ಅವನು ಸರಿದು ಜಾಗ ಬಿಟ್ಟ.

ಮುಂದಿನ ಶನಿವಾರ ಅವನು ಹೋದಾಗ ಅವಳು, "ಚೀಲ ಬೇಕಾ ಸರ್?" ಎಂದಳು. ಬೇಡ ಎಂದ. ಅದರ ಮುಂದಿನ ಶನಿವಾರವೂ ಚೀಲದ ಮಾತೊಂದೇ. ಗಾಜು ತೇಯುವಾಗ ಈಗ ಮೆಷೀನಿನ ಸದ್ದು ಬರೀ ಸದ್ದಾಗಿತ್ತು. ಬೇರೆ ಅಂಗಡಿಗೆ ಹೋದರಾಯಿತು ಎಂದುಕೊಂಡ. ಬೇರೆ ಕೌಂಟರಾದರೂ ಇದೆಯಲ್ಲ ಎಂದುಕೊಂಡ. ಕಾಲು ಮಾತ್ರ ಶನಿವಾರ ಬಂದರೆ ಮೂರನೆಯದರ ಸಾಲಿಗೇ ಹೋಗಿ ನಿಲ್ಲುತ್ತಿತ್ತು.

ಮೂರನೇ ಶನಿವಾರ ಸಾಲು ಉದ್ದವಿತ್ತು. ಅವನ ಸರದಿ ಬಂದಾಗ ಅವಳು ಹಾಲಿನ ಪೊಟ್ಟಣವನ್ನು ಕೈಗೆತ್ತಿಕೊಂಡವಳು ಬಿಲ್ಲು ಹಾಕಲಿಲ್ಲ. ಪೊಟ್ಟಣವನ್ನು ಹಿಡಿದೇ ನಿಂತಳು. ಆಮೇಲೆ ಅವನ ಮುಖ ನೋಡದೆ, ತಗ್ಗಿದ ದನಿಯಲ್ಲಿ ಕೇಳಿದಳು.

"ಅತ್ತೆಯವರು... ಕೊನೇಲಿ ತುಂಬಾ ನರಳಿದ್ರಾ ಸರ್?"

ಗಾಜಪ್ಪ ಕೈಲಿದ್ದ ಚಿಲ್ಲರೆಯನ್ನು ಕೌಂಟರಿನ ಮೇಲಿಟ್ಟ.

"ಇಲ್ಲಮ್ಮಾ," ಎಂದ. "ರಾತ್ರಿ ಎಲ್ಲರನ್ನೂ ಬೈದು ಮಲಗಿದ್ರು. ನಿದ್ದೇಲೇ ಹೋದ್ರು."

"ಪುಣ್ಯವಂತರು," ಎಂದು ಅವಳು ಕಣ್ಣೊರೆಸಿಕೊಂಡಳು. ಹಿಂದೆ ನಿಂತಿದ್ದವರು ಸಾವಾದ ಮನೆಯವನೆಂದು ತಿಳಿದು ಮಾತು ನಿಲ್ಲಿಸಿದರು, ಮಕ್ಕಳ ಬಾಯಿ ಮುಚ್ಚಿಸಿದರು, ಟ್ರಾಲಿಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು ಅವರಿಬ್ಬರಿಗೂ ಸ್ವಲ್ಪ ಜಾಗ ಬಿಟ್ಟರು.